ಬಳೆಗಾರರ ಗವಿರಂಗ ಉಗುರು ಹಾಕಿದ್ದು

ಕೂತವರು ಕಾಲು ನೀಡಿ ಕೂರಿ, ನಿಂತವರು ಗೋಡೆಗೆ ಒರಗಿ. ಈ ಕತೆಗೆ ಅವಸರವಿಲ್ಲ. ಈ ಕತೆಯೊಳಗಿನ ಗವಿರಂಗನಿಗಂತೂ ಮೊದಲೇ ಇಲ್ಲ.

ಸಂಕೇನಪುರ ಅಂತ ಒಂದೂರು. ಊರ ನಡುವೆ ಒಂದು ಹೊಂಗೆ ಮರ. ಹೊಂಗೆ ಮರದ ನೆರಳಿಗೆ ಒಂದು ಬಳೆ ಅಂಗಡಿ. ಅಂಗಡಿಯಲ್ಲಿ ಓಬಳಮ್ಮ, ಓಬಳಮ್ಮನಿಗೆ ಒಬ್ಬನೇ ಮಗ, ಆ ಮಗನೇ ಗವಿರಂಗ. ಮೂವತ್ತು ವರ್ಷದ ಆಳು. ಕೈ ಬೆಣ್ಣೆಯಷ್ಟು ಮೃದು, ಮನಸ್ಸು ಹಾಲಿನಷ್ಟು ಬಿಳುಪು. ತಲೆಯೊಂದು ಮಾತ್ರ, ದೇವರು ಅದನ್ನು ಮಾಡುತ್ತಾ ಕೂತಿದ್ದಾಗ ಯಾರೋ ಕೂಗಿದರು ಅಂತ ಎದ್ದು ಹೋಗಿರಬೇಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲೆಳೆ ಆಚೆಯಿಲ್ಲ, ಒಂದು ಕೂದಲೆಳೆ ಈಚೆಯಿಲ್ಲ.

ಬಳೆಗಾರರದು ಮರ್ಯಾದೆಯ ಮನೆತನ. ಬೇರೆ ಮನೆಯ ಹೆಣ್ಣುಮಗಳ ಕೈ ಹಿಡಿದರೂ ಊರು ಏನೂ ಅನ್ನದ ಗಂಡಸರು ಇಬ್ಬರೇ. ಒಬ್ಬ ನಾಡಿ ನೋಡುವ ಪಂಡಿತ, ಇನ್ನೊಬ್ಬ ಬಳೆ ತೊಡಿಸುವ ಬಳೆಗಾರ. ಗವಿರಂಗನ ಅಪ್ಪ ಇರುವವರೆಗೂ ಹಾಗೆ ನಡೆಯಿತು. ಆಮೇಲೆ ಕಾಲ ಮಗ್ಗುಲು ಬದಲಿಸಿತು. ಗಾಜಿನ ಬಳೆ ಕೇಳುವವರು ಕಡಿಮೆಯಾದರು, ಅಂಟಿಸುವ ಉಗುರು ಕೇಳುವವರು ಹೆಚ್ಚಾದರು. ಓಬಳಮ್ಮ ಎದೆಗುಂದಲಿಲ್ಲ. ತಾಲ್ಲೂಕಿಗೆ ಹೋಗಿ ಆ ವಿದ್ಯೆಯನ್ನೂ ಕಲಿತು ಬಂದಳು. ಬಿಳಿ ಪುಡಿಯನ್ನು ಅಂಟುನೀರಿನಲ್ಲಿ ಕಲೆಸಿ, ಕುಂಚದ ತುದಿಯಲ್ಲಿ ಸಾಸಿವೆಯಷ್ಟು ಎತ್ತಿ, ಉಗುರಿನ ಮೇಲೆ ಉಗುರು ಕಟ್ಟುವ ಕೆಲಸ. ಕಟ್ಟುವುದು ಒಂದು ಪಾಲು, ಕಾಪಾಡುವುದು ಮೂರು ಪಾಲು. ದೇವರು ಕೊಟ್ಟ ಉಗುರು ಕೆಳಗಿನಿಂದ ಬೆಳೆಯುತ್ತದೆ, ನಾವು ಕಟ್ಟಿದ್ದು ಮುಂದಕ್ಕೆ ಸರಿಯುತ್ತದೆ, ಬುಡದಲ್ಲಿ ಸಂದು ಬೀಳುತ್ತದೆ. ಮೂರು ವಾರಕ್ಕೊಮ್ಮೆ ಆ ಸಂದು ತುಂಬಬೇಕು.

ಹಾಗಿರುವಾಗ ಓಬಳಮ್ಮನ ಕಣ್ಣಿಗೆ ಪೊರೆ ಬಂತು. "ಗಣೇಶನ ಹಬ್ಬ ಕಳೆದ ಕೂಡಲೆ ಆಪರೇಷನ್ ಆಗಬೇಕು. ಆಮೇಲೆ ಈ ಪುಡಿ, ಈ ಧೂಳಿನ ಹತ್ತಿರ ನೀವು ಸುಳಿಯಬಾರದು," ಅಂದರು ಡಾಕ್ಟರು.

ಓಬಳಮ್ಮ ಹೊಂಗೆ ಮರದ ಕೆಳಗೆ ಕೂತು ಯೋಚಿಸಿದಳು. ಕಣ್ಣು ಉಳಿಸಿಕೊಂಡರೆ ಅಂಗಡಿ ಹೋಯಿತು. ಅಂಗಡಿ ಉಳಿಸಿಕೊಂಡರೆ ಕಣ್ಣು ಹೋಯಿತು. ಗವಿರಂಗ ಒಬ್ಬ ಕಲಿತುಬಿಟ್ಟರೆ ಎರಡೂ ಉಳಿದವು. ಹೊಂಗೆ ಎಲೆ ಒಂದೊಂದೇ ಉದುರಿ ಅವಳ ಮಡಿಲಿಗೆ ಬೀಳುತ್ತಿತ್ತು. ಎದುರಿಗೆ ಗವಿರಂಗ ಬಾಯಿ ತೆರೆದುಕೊಂಡು ಆ ಎಲೆ ಬೀಳುವುದನ್ನೇ ನೋಡುತ್ತಿದ್ದ.

"ಶಿವನೇ," ಅಂದಳು ಓಬಳಮ್ಮ. "ಏಳೋ ಗವಿ. ಇವತ್ತಿಂದ ನೀನು ಕುರ್ಚಿ ಮೇಲೆ."

"ಹೂಂ ಅವ್ವಾ," ಅಂದ ಗವಿರಂಗ. ಹೋಗಿ ಕುರ್ಚಿಯ ಮೇಲೆ ನಿಂತುಕೊಂಡ.

"ಕೂತ್ಕೊಳೋ!"

ಕೂತುಕೊಂಡ.

ಮೊದಲನೇ ದಿನ ಅಂಚೆ ಕಚೇರಿಯ ವಿಶಾಲಾಕ್ಷಮ್ಮ ಬಂದರು. ಗವಿರಂಗ ಅವರ ಕಿರುಬೆರಳು ಹಿಡಿದ. ಉಜ್ಜಿದ, ಒರೆಸಿದ, ಪುಡಿ ಕಲೆಸಿದ, ಸಂದು ತುಂಬಿದ, ಆರಿಸಿದ, ಬಣ್ಣ ಹಚ್ಚಿದ. ಆಮೇಲೆ ಕುಂಚ ತೊಳೆದ, ಬಟ್ಟಲು ತೊಳೆದ, ಕೈ ತೊಳೆದ, ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಒಂದು ಮೋಡ ಹೋಗುವುದನ್ನು ನೋಡಿದ. ಆಮೇಲೆ ಪೆಟ್ಟಿಗೆ ತೆಗೆದು ಉಂಗುರದ ಬೆರಳು ಹಿಡಿದ. ಅವನ ಕೈಯ ಮೃದುವಿಗೆ ವಿಶಾಲಾಕ್ಷಮ್ಮನಿಗೆ ಜೊಂಪು ಹತ್ತಿತು. ಬೆಳಿಗ್ಗೆ ಕೂತವರು ಎಚ್ಚರಾಗುವಾಗ ಹೊಂಗೆಯ ನೆರಳು ಮರದ ಆ ಕಡೆಗೆ ಹೋಗಿತ್ತು. ಆಗಿದ್ದದ್ದು ಐದು ಬೆರಳು.

"ಅಯ್ಯೋ, ಟಪಾಲು!" ಅಂತ ವಿಶಾಲಾಕ್ಷಮ್ಮ ಓಡಿದರು. ಒಂದು ಕೈ ಕೆಂಪಗೆ, ಒಂದು ಕೈ ಹಾಗೇ.

"ದಡ್ಡಾ!" ಅಂದಳು ಓಬಳಮ್ಮ. "ಒಂದೊಂದು ಬೆರಳಿಗೂ ಹೊಸದಾಗಿ ಸಂಸಾರ ಹೂಡ್ತಾರೇನೋ! ಹತ್ತೂ ಬೆರಳು ಉಜ್ಜು. ಹತ್ತೂ ಒರೆಸು. ಹತ್ತಕ್ಕೂ ತುಂಬು. ಒಂದು ಕೆಲಸ ಹಿಡಿದರೆ ಹತ್ತು ಬೆರಳಿಗೂ ಆಗಿಬಿಡಬೇಕು. ಕೈ ವೇಗ ಬರೋದು ಹಾಗೆ. ತಿಳೀತಾ?"

"ತಿಳೀತವ್ವಾ. ಒಂದು ಕೆಲಸ ಹಿಡಿದರೆ ಹತ್ತು ಬೆರಳಿಗೂ."

ಎರಡನೇ ದಿನ ಹಿಟ್ಟಿನ ಗಿರಣಿಯ ಮಗಳು ಪ್ರೇಮಲೀಲ ಬಂದಳು. ಹೆಬ್ಬೆರಳಿನ ಉಗುರೊಂದು ಮುರಿದು ಚೂರಷ್ಟೇ ಉಳಿದಿತ್ತು. ಉಳಿದ ಒಂಬತ್ತು ದಾಳಿಂಬೆ ಬೀಜದ ಹಾಗೆ ಹೊಳೆಯುತ್ತಿದ್ದವು.

"ಅಣ್ಣ, ಹೆಬ್ಬೆರಳಿನ ಚೂರು ಬಿಚ್ಚಿ ಬೇರೆ ಹಾಕು," ಅಂದಳು.

"ಆಗಲಿ ತಾಯಿ," ಅಂದ ಗವಿರಂಗ. ಹೆಬ್ಬೆರಳಿನದನ್ನು ಬಿಚ್ಚಿದ. ಬಿಚ್ಚುವ ಕೆಲಸ ಹಿಡಿದಿದ್ದಾನಲ್ಲ! ಪ್ರೇಮಲೀಲ ಹೊಂಗೆ ಮರದಲ್ಲಿ ಅಳಿಲು ನೋಡುತ್ತಿದ್ದಳು. ಅಳಿಲು ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಅವಳು ತಿರುಗುವಷ್ಟರಲ್ಲಿ ಒಂಬತ್ತೂ ಬಿಚ್ಚಿ ಬಟ್ಟಲಿನಲ್ಲಿ ಬಿದ್ದಿದ್ದವು.

"ಅಕ್ಕಾ! ಓಬಳಮ್ಮಕ್ಕಾ! ನಿನ್ನ ಮಗ ನನ್ನ ಕೈ ಕೋಳಿ ಪುಕ್ಕ ತರೆದ ಹಾಗೆ ತರೆದುಬಿಟ್ಟ!"

ಓಬಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮಂಕೇ! ಚೆನ್ನಾಗಿದ್ದದ್ದನ್ನ ಯಾಕೋ ಮುಟ್ಟಿದೆ? ಮುರಿದಿದ್ದರೆ ಮುಟ್ಟು. ಮುರೀದೆ ಇದ್ದರೆ ಸುಮ್ಮನಿರು!"

"ಹೂಂ ಅವ್ವಾ. ಮುರೀದೆ ಇದ್ದರೆ ಸುಮ್ಮನಿರ್ತೀನಿ."

ಮೂರನೇ ದಿನ ಶಾಲೆಯ ಭಾಗ್ಯವತಿ ಟೀಚರು ಬಂದರು. ಉಗುರು ಹಾಕಿಸಿ ಮೂರು ವಾರವಾಗಿತ್ತು. ಒಂದೂ ಮುರಿದಿರಲಿಲ್ಲ. ಬುಡದಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಸಂದು. ಓಬಳಮ್ಮ ಗವಿರಂಗನನ್ನು ಕೂರಿಸಿ, ಕಣ್ಣಿಗೆ ಹಾಕುವ ಔಷಧಿ ತರಲು ಹೋದಳು.

ಗವಿರಂಗ ಟೀಚರ ಕೈ ತಿರುಗಿಸಿ ನೋಡಿದ, ಮಗುಚಿ ನೋಡಿದ. ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನಾದ.

"ಏನಪ್ಪಾ ಗವಿ?"

"ಮುರಿದಿಲ್ಲ ಟೀಚರೇ."

"ಮತ್ತೆ?"

"ಮುರೀಲಿ."

ಟೀಚರಿಗೆ ಇದು ಯಾವುದೋ ಹೊಸ ಕ್ರಮ ಅನ್ನಿಸಿತು. ಸುಮ್ಮನೆ ಕೂತರು. ಗವಿರಂಗನೂ ಕೂತ. ಕಾದರು. ಒಂದು ಎತ್ತಿನ ಗಾಡಿ ಹೋಯಿತು. ಗಾಡಿಯ ಹಿಂದೆ ಎದ್ದ ಧೂಳು ಬಿಸಿಲಲ್ಲಿ ಬಂಗಾರವಾಗಿ ತೇಲಿ, ತೇಲಿ, ಮತ್ತೆ ಧೂಳಾಗಿ ಕೂತಿತು. ಟೀಚರು ತಮ್ಮ ತವರಿನ ಕೆರೆಯನ್ನು ನೆನೆದರು, ಕೆರೆಯ ಮೇಲಿನ ಕೊಕ್ಕರೆಗಳನ್ನು ಎಣಿಸಿದರು, ಹದಿನಾರನೆಯ ಕೊಕ್ಕರೆಗೆ ನಿದ್ದೆಹೋದರು. ಗವಿರಂಗ ಮಾತ್ರ ಕಣ್ಣು ಮಿಟುಕಿಸದೆ ಉಗುರು ನೋಡುತ್ತಿದ್ದ. ಅದು ಮುರಿಯಲಿಲ್ಲ.

ಓಬಳಮ್ಮ ಬಂದು ನೋಡಿ ಕಿರುಚಿದಳು. ಟೀಚರು ಬೆಚ್ಚಿ ಎದ್ದು, ಶಾಲೆಯ ಗಂಟೆ ಕೇಳಿಸಿ, ಹಾಗೇ ಹೊರಟುಹೋದರು.

"ಬಂದವಳನ್ನ ಬರಿಗೈಲಿ ಕಳಿಸಿದೆಯಲ್ಲೋ! ನಿಮ್ಮಪ್ಪ ಡಜನ್ನು ಬಳೆ ತೊಡಿಸಿದರೆ ಮೇಲೊಂದು ಕೊಸರು ಬಳೆ ಹಾಕಿ, 'ತಣ್ಣಗಿರು ತಾಯಿ' ಅಂತ ಕಳಿಸ್ತಿದ್ದರು. ಬುಡದಲ್ಲಿ ಸಂದು ಕಾಣಲಿಲ್ವೇನೋ? ಆ ಸಂದಷ್ಟೇ ಉಜ್ಜು, ಆ ಸಂದಷ್ಟೇ ತುಂಬು, ಚರ್ಮಕ್ಕೆ ತಾಗಿಸಬೇಡ, ಉಬ್ಬು ಬಿಡಬೇಡ. ನಿಮ್ಮಪ್ಪ ಕಳಿಸಿದ ಹಾಗೆ ಕಳಿಸು!"

"ಆಗಲವ್ವಾ. ಅಪ್ಪ ಕಳಿಸಿದ ಹಾಗೆ."

ನಾಲ್ಕನೇ ದಿನ ಪಟೇಲರ ಸೊಸೆ ಚಂದ್ರಮತಿ ಬಂದಳು. ಮೂರು ತಿಂಗಳ ಕೂಸಿನ ತಾಯಿ, ನಿದ್ದೆ ಕಾಣದ ಕಣ್ಣು. ಕೈ ನೀಡಿದಳು, ಕಣ್ಣು ಮುಚ್ಚಿದಳು. ಗವಿರಂಗ ಸಂದಷ್ಟೇ ಉಜ್ಜಿದ, ಸಂದಷ್ಟೇ ತುಂಬಿದ. ಚರ್ಮಕ್ಕೆ ತಾಗಲಿಲ್ಲ, ಉಬ್ಬು ಬರಲಿಲ್ಲ. ಓಬಳಮ್ಮ ಕಣ್ಣು ಕಿರಿದು ಮಾಡಿ ದೂರದಿಂದ ನೋಡಿ, "ಪರವಾಗಿಲ್ಲ, ಕೈ ಕೂಡ್ತಿದೆ," ಅಂತ ಕಾಫಿ ಕಾಸಲು ಒಳಗೆ ಹೋದಳು.

ಹತ್ತೂ ಆಯಿತು. ಇನ್ನು ಕೊಸರು. ಗವಿರಂಗ ಬೆರಳು ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹತ್ತೇ. ಹನ್ನೊಂದನೆಯದು ಎಲ್ಲಿ? ಅಪ್ಪ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ. ಹುಡುಕಿದ, ಹುಡುಕಿದ. ಕೊನೆಗೆ ಚಂದ್ರಮತಿಯ ಹಣೆ ಕಾಣಿಸಿತು. ಬೆವರಿಗೆ ಕುಂಕುಮ ಅಳಿಸಿ ಖಾಲಿಯಿತ್ತು. ಅಲ್ಲಿ ಒಂದು ಒಳ್ಳೆಯ ಉದ್ದನೆಯ ಉಗುರು ಕೂರಿಸಿ, ಕೆಂಪು ಬಣ್ಣ ಹಚ್ಚಿ, "ತಣ್ಣಗಿರು ತಾಯಿ," ಅಂದ.

ಚಂದ್ರಮತಿ ಅರೆನಿದ್ದೆಯಲ್ಲೇ ನಡೆದು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಅವಳ ಅತ್ತೆ ಬೀದಿಯ ಆ ತುದಿಯಿಂದಲೇ ಕೂಗುತ್ತಾ ಬಂದರು. "ಓಬಳೀ! ನನ್ನ ಸೊಸೆಗೆ ಕೊಂಬು ಬಂದಿದೆಯಲ್ಲೇ!"

ಅವರನ್ನು ಸಮಾಧಾನ ಮಾಡಿ, ಚಂದ್ರಮತಿಯ ಹಣೆ ನೆನೆಸಿ ಬಿಡಿಸಿ ಬರುವಷ್ಟರಲ್ಲಿ ಓಬಳಮ್ಮನಿಗೆ ಸಂಜೆಯಾಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಗವಿ, ಕೇಳೋ ಕಂದ. ಬಳೆಯ ರೀತಿ ಬಳೆಗೆ, ಉಗುರಿನ ರೀತಿ ಉಗುರಿಗೆ. ಇನ್ನು ಬಳೆಯನ್ನ ಮರೆತುಬಿಡು. ನಿನ್ನ ಮುಂದೆ ಯಾರು ಕೈ ಚಾಚಿದರೂ ಉಗುರೊಂದೇ ಹಾಕು. ಮೂರು ವಾರಕ್ಕೆ ಬುಡದಲ್ಲಿ ಸಂದು ಕಾಣುತ್ತೆ. ಅದನ್ನ ತುಂಬಿದರೇನೇ ನಮ್ಮ ಕೆಲಸ ಮುಗಿದ ಹಾಗೆ. ಮುಗಿಸದೆ ಮಾತ್ರ ಏಳಬೇಡ. ನಿನಗೆ ಕೈ ಮುಗೀತೀನಿ."

"ಮುಗಿಸದೆ ಏಳಲ್ಲ ಅವ್ವಾ," ಅಂದ ಗವಿರಂಗ. ತಾಯಿ ಕೈ ಮುಗಿದಿದ್ದು ನೋಡಿ ಅವನಿಗೂ ಅಳು ಬಂತು.

ಅಷ್ಟರಲ್ಲಿ ಶ್ರಾವಣದ ಕೊನೆಯ ಶುಕ್ರವಾರ ಬಂತು. ಆ ದಿನ ಊರಮ್ಮನಿಗೆ ಹಸಿರು ಬಳೆ ತೊಡಿಸುವುದು ಬಳೆಗಾರರ ಮನೆಯ ಸೇವೆ. ಗಂಡ ಹೋದ ಮೇಲೆ ಪ್ರತಿ ವರ್ಷ ಓಬಳಮ್ಮನೇ ಹೋಗುತ್ತಿದ್ದಳು. ಈ ಸಲ ಗುಡಿಯ ಕತ್ತಲಲ್ಲಿ ಅವಳಿಗೆ ಏನೂ ಕಾಣುವುದಿಲ್ಲ. ಮಗನಿಗೆ ತಣ್ಣೀರು ಸ್ನಾನ ಮಾಡಿಸಿ, ಪಂಚೆ ಉಡಿಸಿ, ತಟ್ಟೆಯಲ್ಲಿ ಕಾಯಿ, ಕರ್ಪೂರ, ನಾಲ್ಕು ಡಜನ್ನು ಬಳೆ ಇಟ್ಟು ಕಳಿಸಿದಳು. ಅವನು ಕಂಕುಳಲ್ಲಿ ಉಗುರಿನ ಪೆಟ್ಟಿಗೆ ಇಟ್ಟುಕೊಂಡದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ಹೋದವನು ಬರಲಿಲ್ಲ. ಮಧ್ಯಾಹ್ನವಾಯಿತು, ಬರಲಿಲ್ಲ. ಸಂಜೆಯ ಹೊತ್ತಿಗೆ ಪ್ರೇಮಲೀಲ ಏದುಸಿರು ಬಿಡುತ್ತಾ ಬಂದಳು.

"ಓಬಳಮ್ಮಕ್ಕಾ! ಊರೆಲ್ಲ ಗುಡೀಲಿದೆ! ಊರಮ್ಮನಿಗೆ ಉಗುರು ಬೆಳೆದಿದೆ!"

ಓಬಳಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಎಂಥಾ ಮಹಿಮೆ ತಾಯಿ ನಿಂದು!" ಅಂದಳು. ಅಂದವಳು ತಡೆದು ಕೇಳಿದಳು.

"ಯಾವ ಬಣ್ಣದ್ದು?"

"ಕೆಂಪು."

"ಹೊಳೀತವಾ?"

"ಫಳಫಳ ಅಂತಾವೆ."

"ತುದಿ ಬಾದಾಮಿ ಹಾಗೆ ಚೂಪಾ?"

"ಹೌದಕ್ಕ, ನೀನು ನೋಡಿದ ಹಾಗೆ ಹೇಳ್ತೀಯಲ್ಲ!"

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದವನೇ!" ಅಂತ ಓಬಳಮ್ಮ ಸೆರಗು ಕಟ್ಟಿ ಹೊರಟಳು.

ಗುಡಿಯಲ್ಲಿ ಮಂಜಿನಂಥ ಧೂಪದ ಹೊಗೆ. ಅದರೊಳಗೆ ದೀಪಗಳು ನೀರಿನ ಕೆಳಗಿರುವಂತೆ ತೊನೆಯುತ್ತಿದ್ದವು. ನಾಲ್ಕು ಕೈಯ ಊರಮ್ಮ, ಒಂದು ಕೈಯನ್ನು ಭಕ್ತರ ಕಡೆಗೆ ಚಾಚಿ ಕೂತಿದ್ದಾಳೆ. ನಾಲ್ಕು ಕೈಗೂ ಸೇರಿ ಇಪ್ಪತ್ತು ಉಗುರು, ಕಣಗಿಲೆ ಮೊಗ್ಗಿನ ಹಾಗೆ. ಹೆಂಗಸರು ಕೈ ಮುಗಿದು ನಿಂತಿದ್ದಾರೆ. ಬಳೆಯ ತಟ್ಟೆ ಬಾಗಿಲಲ್ಲೇ ಇದೆ. ಅಮ್ಮನೆದುರಿಗೆ ಗವಿರಂಗ ಚಕ್ಕಳಮಕ್ಕಳ ಹಾಕಿ ಕೂತು ಅವಳ ಕೈಯನ್ನೇ ನೋಡುತ್ತಿದ್ದಾನೆ.

"ಬೆಳೆದಿದೆ, ಉಗುರು ಬೆಳೆದಿದೆ," ಅಂತ ಒಬ್ಬ ಮುದುಕಿ ಕಣ್ಣೀರು ಒರೆಸಿಕೊಂಡಳು.

"ಇಲ್ಲಜ್ಜೀ," ಅಂದ ಗವಿರಂಗ ವಿನಯದಿಂದ. "ಇನ್ನೂ ಬೆಳೆದಿಲ್ಲ. ಮೂರು ವಾರ ಆಗಬೇಕು."

"ಗವೀ!" ಅಂದಳು ಓಬಳಮ್ಮ. "ಏನೋ ಮಾಡಿಟ್ಟೆ?"

"ಅಮ್ಮ ಕೈ ಚಾಚಿದ್ದಳು ಅವ್ವಾ. ಹಾಕಿದೆ. ಸಂದು ಕಂಡ ಕೂಡಲೆ ತುಂಬಿ ಬಂದುಬಿಡ್ತೀನಿ."

ಓಬಳಮ್ಮ ಪೂಜಾರಿಯ ಕಡೆ ತಿರುಗಿ ಕೈ ಮುಗಿದಳು. "ತಪ್ಪಾಯಿತು ತಿಪ್ಪಣ್ಣಯ್ಯನೋರೇ. ಪೆದ್ದು. ಈಗಲೇ ತೆಗೀತೀನಿ." ಬಳೆ ತೊಡಿಸುವ ದಿನ ಅಮ್ಮನ ಕೈ ಮುಟ್ಟುವ ಹಕ್ಕು ಅವಳಿಗಿತ್ತು. ಚಾಚಿದ ಕೈಯನ್ನು ತಡವಿ ಹಿಡಿದು ಒಂದು ಉಗುರಿನ ಬುಡಕ್ಕೆ ಬೆರಳು ತಾಗಿಸಿದಳು. ಕಣ್ಣು ಕಾಣದಿದ್ದರೂ ಬೆರಳಿಗೆ ಕಾಣುತ್ತದಲ್ಲ. ಉಬ್ಬಿಲ್ಲ. ಅಂಚಿಲ್ಲ. ಕಲ್ಲು ಎಲ್ಲಿ ಮುಗಿಯಿತು, ಉಗುರು ಎಲ್ಲಿ ಶುರುವಾಯಿತು, ಗೊತ್ತಾಗುವುದಿಲ್ಲ. ಇನ್ನೊಂದು ಮುಟ್ಟಿದಳು. ಅದೂ ಹಾಗೇ. ಇಪ್ಪತ್ತನ್ನೂ ಮುಟ್ಟಿದಳು. ಇಂಥ ಉಗುರನ್ನು ಅವಳು ತನ್ನ ಜನ್ಮದಲ್ಲಿ ಕಟ್ಟಿರಲಿಲ್ಲ.

"ಎಷ್ಟು ಹೊತ್ತು ಹಿಡೀತು?" ಅಂದಳು, ದನಿ ಸಣ್ಣಗಾಗಿ.

"ನಾನು ತೋಟಕ್ಕೆ ಹೂವಿಗೆ ಹೋಗಿದ್ದೆ ಕಣಮ್ಮ," ಅಂದರು ತಿಪ್ಪಣ್ಣಯ್ಯ. "ಬುಟ್ಟಿ ತುಂಬಿಸಿ ಬರುವಷ್ಟರಲ್ಲಿ ಇಪ್ಪತ್ತೂ ಮುಗಿದಿತ್ತು. ತೆಗೀಬೇಡ, ಇರಲಿ. ಅಮ್ಮನ ಮುಖದಲ್ಲಿ ಇವತ್ತು ಏನೋ ಕಳೆ ಬಂದಿದೆ."

"ಹೆಂಗೋ ಮಾಡಿದೆ ಗವಿ?"

"ಅಮ್ಮ ಬೇಗ ಬೇಗ ಅನ್ನಲಿಲ್ಲ ಅವ್ವಾ. ಅದಕ್ಕೆ ಬೇಗ ಆಯ್ತು."

ಓಬಳಮ್ಮ ಮಗನ ತಲೆಯ ಮೇಲೆ ಕೈಯಿಟ್ಟಳು. ಕಣ್ಣೂ ಉಳಿಯಿತು, ಅಂಗಡಿಯೂ ಉಳಿಯಿತು ಅಂತ ಮೊದಲ ಸಲ ಅವಳಿಗೆ ಅನ್ನಿಸಿದ್ದು ಆಗಲೇ.

"ಏಳು ಕಂದ. ಸಂದು ಕಂಡರೆ ತಿಪ್ಪಣ್ಣಯ್ಯನೋರು ಹೇಳಿ ಕಳಿಸ್ತಾರೆ. ಇನ್ನು ನಿನಗೆ ನಾನು ಹೇಳಿಕೊಡೋದು ಏನೂ ಉಳಿದಿಲ್ಲ. ಹಬ್ಬ ಕಳೆದು ಅಂಗಡಿ ತೆಗೆದ ಮೇಲೆ ಯಾರೇ ಬರಲಿ, ಅಮ್ಮನಿಗೆ ಹೆಂಗೆ ಮಾಡಿದೆಯೋ ಹಂಗೇ ಮಾಡು."

"ಹಂಗೇ ಮಾಡ್ತೀನಿ ಅವ್ವಾ," ಅಂದ ಗವಿರಂಗ.

ಗಣೇಶನ ಹಬ್ಬ ಕಳೆಯಿತು. ಓಬಳಮ್ಮ ಧೈರ್ಯವಾಗಿ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಒಳಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಅಂಗಡಿಯ ಸದ್ದು ಕೇಳುತ್ತಿದ್ದಳು. ಆ ದಿನ ಗವಿರಂಗ ಒಬ್ಬನೇ.

ಮೊದಲು ಬಂದವಳು ತುಂಗಮ್ಮ. ಬಸ್ ನಿಲ್ದಾಣದ ಹತ್ತಿರ ಗಂಡನ ಹೋಟೆಲು. ಗಂಡ ಗಲ್ಲಾಪೆಟ್ಟಿಗೆಯ ಮುಂದೆ, ಇವಳು ನಾಲ್ಕು ಒಲೆಯ ಮುಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಹಗಲು ಹೊತ್ತು ಕೂತದ್ದೇ ನೆನಪಿಲ್ಲದ ಹೆಂಗಸು.

"ತಮ್ಮಾ ಗವಿ," ಅಂದ ಅವಳ ಮೆತ್ತನೆಯ ದನಿ ಓಬಳಮ್ಮನಿಗೆ ಕೇಳಿಸಿತು. "ಅಮ್ಮನಿಗೆ ಹಾಕಿದ ಕೈಯಿಂದ ನನಗೂ ಹಾಕ್ತೀಯಾ? ನನ್ನ ಕೈ ನೋಡಿ ನಗಬೇಡ. ಎಲ್ಲಾ ಸುಟ್ಟಿವೆ."

"ಕೂರು ತಾಯಿ," ಅಂದ ಗವಿರಂಗ.

ಓಬಳಮ್ಮ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಉಜ್ಜುವ ಸದ್ದಿಗೆ ಕಾದಳು. ಪೊರಕೆಯ ಸದ್ದು ಕೇಳಿಸಿತು. ನೀರು ಚಿಮುಕಿಸಿದ ಸದ್ದು. ಆಮೇಲೆ ಬರಿಗಾಲಿನ ಸದ್ದು: ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಆಮೇಲೆ ಫಟ್ ಅಂತ ಕಾಯಿ ಒಡೆದದ್ದು. ಕರ್ಪೂರದ ವಾಸನೆ. ಗಂಟೆ.

"ಗವೀ! ಏನೋ ಅದು?"

"ಅಮ್ಮನಿಗೆ ಮಾಡಿದ ಹಂಗೇ ಅವ್ವಾ!"

"ಅಯ್ಯೋ ಶಿವನೇ! ತುಂಗಾ, ತಪ್ಪು ತಿಳೀಬೇಡ್ವೇ!"

ಆಮೇಲೆ ಉಜ್ಜುವ ಸದ್ದು ಬಂತು, ಜೇನುಹುಳ ಹೂವಿನೊಳಗೆ ಗುಂಯ್ಗುಟ್ಟಿದ ಹಾಗೆ. ನಿಲ್ಲದೆ, ತೊಡರದೆ, ಎಲ್ಲಿಂದಲೋ ಎಲ್ಲಿಗೋ ಹರಿಯುವ ಸದ್ದು. ಓಬಳಮ್ಮನಿಗೆ ಬೈಯುವುದಕ್ಕೆ ಬಾಯಿ ಬರಲಿಲ್ಲ. ಆ ಸದ್ದಿನ ಮೇಲೆ ತೇಲಿಕೊಂಡು ಅರ್ಧ ದಾರಿ ನಿದ್ದೆಗೆ ಹೋಗುವಷ್ಟರಲ್ಲಿ ಅದು ನಿಂತಿತು. ಹತ್ತೂ ಆಗಿತ್ತು. ಧಪ್ಪಂತ ಒಂದು ಸದ್ದು. ಗವಿರಂಗ ತುಂಗಮ್ಮನ ಕಾಲಿಗೆ ಉದ್ದಂಡ ನಮಸ್ಕಾರ ಹಾಕಿದ್ದ. ಆಮೇಲೆ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದ.

"ಇನ್ನೇನು ತಮ್ಮಾ?" ಅಂದಳು ತುಂಗಮ್ಮ, ಕನಸಿನಲ್ಲಿ ಮಾತಾಡಿದಂತೆ.

"ಮೂರು ವಾರ ತಾಯಿ. ಸಂದು ಕಾಣಬೇಕು."

"ಅಲ್ಲೀತನಕ ನಾನು ಏನು ಮಾಡಲಿ?"

"ಅಮ್ಮ ಏನೂ ಮಾಡಲಿಲ್ಲ."

ತುಂಗಮ್ಮ ಹಿಂದಕ್ಕೆ ಒರಗಿದಳು. ಹೊಂಗೆ ಎಲೆಗಳು ಸುಯ್ಯೆಂದವು. ಆಮೇಲೆ ಅವಳ ಗಂಡ ನಾಗಭೂಷಣನ ಚಪ್ಪಲಿಯ ಚಟಪಟ ಬೀದಿಯುದ್ದಕ್ಕೂ ಬಂತು.

"ಏನೇ ಇದು! ಇಡ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದಾಚೆ ಬಂದಿದೆ! ಬಸ್ಸಿನವರು ತಟ್ಟೆ ಬಡೀತಿದ್ದಾರೆ! ಏಳೇ ಮೇಲೆ!"

"ಏಳೋದಿಲ್ಲ," ಅಂದಳು ತುಂಗಮ್ಮ ತಣ್ಣಗೆ.

"ಏಳೋದಿಲ್ವಾ? ಎಲ್ಲೀತನಕ?"

"ಮೂರು ವಾರ."

"ಅಲ್ಲೀತನಕ ಹಿಟ್ಟು ರುಬ್ಬೋರು ಯಾರೇ?"

ತುಂಗಮ್ಮ ಕೆಂಪು ಉಗುರಿನ ಕೈ ಮೇಲೆತ್ತಿ ಗಂಡನಿಗೆ ಅಭಯ ಕೊಟ್ಟಳು.

ಒಳಮನೆಯಲ್ಲಿ ಓಬಳಮ್ಮ ಹಣೆ ಚಚ್ಚಿಕೊಳ್ಳಲು ಕೈಯೆತ್ತಿದಳು. ಕಣ್ಣಿನ ಪಟ್ಟಿ ನೆನಪಾಗಿ ಮೆಲ್ಲಗೆ ಇಳಿಸಿದಳು. ಹೊರಗೆ ನಾಗಭೂಷಣ ಹಲ್ಲು ಕಡಿದು ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

ಗವಿರಂಗ ತಿರುಗಿ ನೋಡಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಗುಡಿಯಲ್ಲಿ ಮಾತಾಡುವಷ್ಟೇ ಮೆದುವಾಗಿತ್ತು.

"ಅಣ್ಣಾ," ಅಂದ, "ಚಪ್ಪಲಿ ಆಚೆ ಬಿಟ್ಟು ಬನ್ನಿ."

ನಾಗಭೂಷಣ ಬಿಟ್ಟೇ ಬಂದ. ಕತೆ ಹೇಳುವ ನನಗೆ ಗೊತ್ತಿರುವುದು ಇಷ್ಟು. ಆ ವಾರ ನಾಗಭೂಷಣನ ಕೈಯ ಇಡ್ಲಿ ತಿಂದವರನ್ನು ಕೇಳಿದರೆ ಮಿಕ್ಕದ್ದನ್ನು ಅವರು ಹೇಳಿಯಾರು.